ಹಳೆಯ ಗಣಕಕ್ಕೆ ಹೊಸ ಬಾಳು

ಕೆಟ್ಟ ಗಡಿಯಾರವನ್ನು ರಿಪೇರಿ ಮಾಡಿಸಿ ಗೋಡೆಗೆ ತೂಗುಹಾಕುವ ನಾವು, ಕೆಟ್ಟ ಗಣಕಯಂತ್ರವನ್ನು ಮಾತ್ರ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಮಾರಿಬಿಡುತ್ತೇವೆ. ಇದು ವಿವೇಕವಲ್ಲವೆಂಬುದು ನಮ್ಮ ಅಭಿಪ್ರಾಯ.

1984ರಲ್ಲಿ ಭಾರತ ಸರ್ಕಾರವು ಶಾಲೆಗಳಲ್ಲಿ ಗಣಕ ಶಿಕ್ಷಣದ ಯೋಜನೆಯನ್ನು ಆರಂಭಿಸಿದಾಗ, ಅದಕ್ಕಾಗಿ ಆರಿಸಿಕೊಂಡದ್ದು ಬಿಬಿಸಿ ಮೈಕ್ರೋ ಎಂಬ ಗೃಹಗಣಕವನ್ನು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಈ ಯಂತ್ರದ ಬಿ ಮಾದರಿಯ ಸ್ಮೃತಿ ಕೇವಲ 32 ಕಿಲೋಬೈಟು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರವೂ ಅದರಲ್ಲಿ ಹಿಡಿಸದು. ಆದರೂ ಗುಂಡಿ ಒತ್ತಿದೊಡನೆ ಅದು ಬೇಸಿಕ್ ಭಾಷೆಯ ಆಜ್ಞೆಗಾಗಿ ಕಾದು ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ಅದರ ಮುಖ್ಯ ಅಂಗಗಳನ್ನೆಲ್ಲ ಬೆರಳಿಟ್ಟು ತೋರಿಸಬಹುದು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯನುಂಟೆ?

ಕುಮಟಾ ತಾಲ್ಲೂಕಿನ ಹೊಳನಗದ್ದೆಯಂತಹ ಕರಾವಳಿಯ ಊರಿನಲ್ಲಿ ಇಂಥ ಯಂತ್ರವೊಂದು ಅಟ್ಟದ ಮೇಲೆ ದೊರೆಯಿತೆನ್ನೋಣ. ಕುತೂಹಲ ತಡೆಯಲಾರದೆ ಕೂಡಲೆ ಅದಕ್ಕೆ ವಿದ್ಯುತ್ತು ಹರಿಸಕೂಡದು. ವಿದ್ಯುತ್ ಪೂರೈಕೆಯ ಪೆಟ್ಟಿಗೆಯೊಳಗಿನ ಕಾಗದದ ಕೆಪಾಸಿಟರುಗಳ ಹೊದಿಕೆಯು ಕಾಲಾಂತರದಲ್ಲಿ ಬಿರಿಯುತ್ತದೆ. ಬಿರುಕಿನೊಳಗೆ ತೇವ ಇಳಿಯುತ್ತದೆ. ವಿದ್ಯುತ್ತು ಹರಿದರೆ ಅವು ಹೊಗೆಯುಗುಳಿ ಸುಟ್ಟುಹೋಗಬಹುದು. ಕರಾವಳಿಯ ಮಳೆಗಾಲವು ಈ ಅಪಾಯವನ್ನು ಹೆಚ್ಚಿಸುತ್ತದೆ; ಕಡಲಗಾಳಿಯ ಉಪ್ಪು ಚಿಪ್ಪುಗಳ ಲೋಹದ ಕಾಲುಗಳನ್ನು ತಿನ್ನುತ್ತದೆ. ಆ ಕೆಪಾಸಿಟರುಗಳನ್ನು ಬದಲಿಸುವ ಕೆಲಸ ಅನುಭವಿಯಾದ ರಿಪೇರಿಗಾರನದು. ಏಕೆಂದರೆ ಪ್ಲಗ್ಗನ್ನು ಕಿತ್ತ ಮೇಲೂ ಪೆಟ್ಟಿಗೆಯಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಧೂಳು ತೆಗೆಯುವುದು, ಕೀಲಿಗಳನ್ನು ಶುಚಿಗೊಳಿಸುವುದು ವಿದ್ಯಾರ್ಥಿಗೆ ತಕ್ಕ ಕೆಲಸ.

ಇನ್ನು ಸುಧಾರಣೆಯ ಮಾತು. ಕೆಲವರು ಹೊರಗವಚವನ್ನಷ್ಟೆ ಉಳಿಸಿ, ಒಳಗಿನದನ್ನೆಲ್ಲ ಕಿತ್ತೆಸೆದು ಹೊಸ ಫಲಕವನ್ನು ಕೂರಿಸುತ್ತಾರೆ. ಅದು ಜೀರ್ಣೋದ್ಧಾರವಲ್ಲ, ವೇಷ. ಹೊಸದನ್ನು ಸೇರಿಸಲೆಂದೇ ಇದರ ನಿರ್ಮಾಪಕರು ಹಲವು ಜೋಡಣೆಯ ಬಾಯಿಗಳನ್ನು ಬಿಟ್ಟಿದ್ದಾರೆ. ಫ್ಲಾಪಿಯ ಬದಲು ಇಂದಿನ ಮೆಮೊರಿ ಕಾರ್ಡನ್ನು ಅಂಥದೊಂದಕ್ಕೆ ಜೋಡಿಸಬಹುದು. ಬೇಡವೆನಿಸಿದಾಗ ಕಳಚಿದರೆ ಯಂತ್ರ ಮೊದಲಿನಂತೆಯೇ ಇರುತ್ತದೆ. ಕಳಚಲು ಬಾರದ ಸುಧಾರಣೆಯನ್ನು ಮಾಡಬಾರದೆಂಬುದೇ ನಾವು ಹೇಳುವ ನಿಯಮ. 1985ರ ಏಪ್ರಿಲ್‌ನಲ್ಲಿ ಏಕಾರ್ನ್ ಸಂಸ್ಥೆಯು ತನ್ನ ಮೊದಲ ಎಆರ್‌ಎಂ ಚಿಪ್ಪನ್ನು ಪರೀಕ್ಷಿಸಿದ್ದೂ ಅದನ್ನು ಬಿಬಿಸಿ ಮೈಕ್ರೋವಿಗೆ ಹೀಗೆಯೇ ಜೋಡಿಸಿ. ಇಂದಿನ ಮೊಬೈಲುಗಳೆಲ್ಲ ಬಹುಮಟ್ಟಿಗೆ ಆ ಚಿಪ್ಪಿನ ಸಂತತಿಯಿಂದಲೇ ನಡೆಯುತ್ತಿವೆ. ಹೊಸದು ಹುಟ್ಟಿದ್ದು ಹಳೆಯದರ ಆಸರೆಯಲ್ಲಿ.

ಇಷ್ಟು ಶ್ರಮಕ್ಕೆ ಹೊಸ ಗಣಕವನ್ನೇ ಕೊಳ್ಳಬಹುದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಕೆಲಸಕ್ಕಾಗಿಯಾದರೆ ಕೊಳ್ಳಲಿ. ಆದರೆ ಹೊಸ ಯಂತ್ರ ತನ್ನ ಒಳಗನ್ನು ಸುಲಭವಾಗಿ ತೋರಿಸದು. ಗಣಕವನ್ನು ಬಳಸುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು; ಬಿಚ್ಚಿ ನೋಡಿ ಅರಿತವರು ವಿರಳ. ಗುಜರಿಗೆ ಹಾಕುವ ಮುನ್ನ ಹಳೆಯ ಗಣಕವನ್ನು ಒಮ್ಮೆ ನಿಮ್ಮ ವಿಜ್ಞಾನದ ಉಪಾಧ್ಯಾಯರಿಗೆ ತೋರಿಸಿರೆಂದು ವಿದ್ಯಾರ್ಥಿ ಮಿತ್ರರನ್ನು ಕೋರುತ್ತೇವೆ.