ಮಂಗಳವಾರ ಸಂಜೆ ಏಳಕ್ಕೆ ನಾವು ಸಿಗೋದಿಲ್ಲ

ಮಂಗಳವಾರ ಸಂಜೆ ಏಳರಿಂದ ಎಂಟೂಕಾಲರ ತನಕ ನಮ್ಮ ನಾಲ್ವರಲ್ಲಿ ಯಾರಿಗೆ ಫೋನ್ ಮಾಡಿದರೂ ಎತ್ತೋದಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಇದು ಹಳೇ ಜೋಕು. "ಅವರೆಲ್ಲಿ?" ಅಂತ ಯಾರಾದರೂ ಕೇಳಿದರೆ ಸಾಕು, ಒಂದು ಹಂಸದ ಚಿತ್ರ ಬಂದು ಬೀಳುತ್ತೆ, ಅದರ ಹಿಂದೆ ನಗುವ ಮುಖಗಳ ಸಾಲು. ಇರಲಿ. ಹೌದು, ನಾವು ಬ್ಯಾಲೆ ಕಲೀತಿದ್ದೀವಿ. ಲೀಡ್ಸ್‌ನಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸಣ್ಣ ಡ್ಯಾನ್ಸ್ ಸ್ಕೂಲಿನಲ್ಲಿ. ಸಂಜೆ ಆರರ ತನಕ ಅದು ಮಕ್ಕಳದ್ದು, ಆಮೇಲೆ ನಮ್ಮಂಥ ದೊಡ್ಡವರದ್ದು. ಧಾರವಾಡದವಳೊಬ್ಬಳು, ಮೈಸೂರಿನವಳೊಬ್ಬಳು, ಕುಂದಾಪುರದವನೊಬ್ಬ, ಬೆಂಗಳೂರಿನವನೊಬ್ಬ. ನಾಲ್ವರೂ ಮಾಸ್ಟರ್ಸ್ ಓದುವವರು, ನಾಲ್ವರ ತಲೆ ಮೇಲೂ ಎಜುಕೇಶನ್ ಲೋನ್ ಇದೆ.

ಕಲೆಯ ಮೇಲಿನ ಪ್ರೀತಿಯಿಂದ ಸೇರಿದ್ವಿ ಅಂದರೆ ಸುಳ್ಳಾಗುತ್ತೆ. ಮೈಸೂರಿನವಳು ಎಂಟು ವರ್ಷ ಭರತನಾಟ್ಯ ಕಲಿತವಳು. ಜೂನಿಯರ್ ಪರೀಕ್ಷೆ ಪಾಸಾಗಿ ಸೀನಿಯರ್‌ಗೆ ಕಟ್ಟಬೇಕು ಅನ್ನೋ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂತು, ಟ್ಯೂಷನ್ ಬಂತು, ಗೆಜ್ಜೆ ಅಟ್ಟ ಸೇರಿತು. ಈ ಕಥೆ ಓದುವವರಲ್ಲಿ ಅರ್ಧ ಜನರದ್ದೂ ಇದೇ ಇರಬೇಕು. ನೃತ್ಯದ ಜಾಗಕ್ಕೆ ಸಂಗೀತ, ಮೃದಂಗ, ಚಿತ್ರಕಲೆ ಹಾಕಿ ಓದಿಕೊಳ್ಳಿ. ಅಕ್ಟೋಬರ್‌ನಲ್ಲಿ ಅವಳು ಇಲ್ಲಿ ಭರತನಾಟ್ಯ ಕ್ಲಾಸು ಹುಡುಕಿದಳು, ಅವಳ ಪಾರ್ಟ್‌ಟೈಮ್ ಕೆಲಸದ ಶಿಫ್ಟಿಗೆ ಸಮಯ ಹೊಂದಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಈ ಸ್ಕೂಲಿನ ಕಿಟಕಿಯ ಕಾಗದ: ದೊಡ್ಡವರಿಗೆ ಬ್ಯಾಲೆ, ಮೊದಲಿಂದ, ಏನೂ ಗೊತ್ತಿರಬೇಕಿಲ್ಲ. ಒಬ್ಬಳೇ ಹೋಗೋಕೆ ಧೈರ್ಯ ಸಾಲದೆ ನಮ್ಮನ್ನೂ ಎಳೆದುಕೊಂಡು ಹೋದಳು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಬಿಡ್ತೀವಿ. ತುದಿಗಾಲಲ್ಲಿ ಯಾರೂ ನಿಲ್ಲಿಸೋದಿಲ್ಲ. ಆ ಗಟ್ಟಿ ಮುಂತುದಿಯ ಶೂಗೆ ವರ್ಷಗಟ್ಟಲೆ ಪಾದ, ಗಿಣ್ಣು ಹದವಾಗಬೇಕು. ನಮ್ಮದು ಮೆತ್ತನೆಯ ಬಟ್ಟೆಯ ಚಪ್ಪಲಿಯಂಥದ್ದು. ಮೊದಲ ಅರ್ಧ ಗಂಟೆ ಗೋಡೆಗುಂಟ ಹಾಕಿರೋ ಮರದ ಕಂಬಿ ಹಿಡಿದು ಅಭ್ಯಾಸ. ಅದರ ಹೆಸರು ಬಾರ್. (ಊರಿಗೆ ಫೋನ್ ಮಾಡಿ "ಬಾರ್‌ನಲ್ಲಿ ಅರ್ಧ ಗಂಟೆ ಇದ್ವಿ" ಅಂತ ಮಾತ್ರ ಹೇಳಬೇಡಿ. ಬೆಂಗಳೂರಿನವನು ಹೇಳಿ ಅನುಭವಿಸಿದ್ದಾನೆ.) ಮಂಡಿ ಬಗ್ಗಿಸೋದು ಪ್ಲಿಯೇ. ಪಾದವನ್ನ ನೆಲಕ್ಕೆ ಸವರುತ್ತಾ ಚಾಚೋದು ತಾಂಡ್ಯು. ಕಾಲ್ಬೆರಳಿಂದ ನೆಲದ ಮೇಲೆ ಅರ್ಧ ವೃತ್ತ ಎಳೆಯೋದು ರಾಂ ದ ಜಾಂಬ್. ಎಲ್ಲ ಫ್ರೆಂಚ್ ಹೆಸರು, ಯಾಕಂದ್ರೆ 1661ರಲ್ಲಿ ಹದಿನಾಲ್ಕನೇ ಲೂಯಿ ಪ್ಯಾರಿಸ್‌ನಲ್ಲಿ ನೃತ್ಯಕ್ಕೇ ಒಂದು ಅಕಾಡೆಮಿ ಕಟ್ಟಿಸಿದ, ಆ ಕಾಲದ ಪದಗಳೇ ಇವತ್ತಿಗೂ ಮಾಸ್ಕೋದಿಂದ ಟೋಕಿಯೋ ತನಕ ನಡೀತಿವೆ. ನಮ್ಮ "ತೈಯಾ ತೈ" ಚೆನ್ನೈನಲ್ಲೂ ಮೈಸೂರಿನಲ್ಲೂ ಒಂದೇ ಆಗಿರೋ ಹಾಗೆ.

ಮೈಸೂರಿನವಳಿಗೆ ಮೊದಲ ದಿನ ಸ್ವಲ್ಪ ಜಂಬ ಇತ್ತು. ಅರಮಂಡಿ ಕೂತವಳಿಗೆ ಪ್ಲಿಯೇ ಏನು ಕಷ್ಟ? ಎರಡರಲ್ಲೂ ತೊಡೆಸಂದಿನಿಂದ ಕಾಲು ಹೊರಕ್ಕೆ ತಿರುಗಬೇಕು, ಎರಡರಲ್ಲೂ ಮಂಡಿ ಪಕ್ಕಕ್ಕೆ ಹೋಗಬೇಕು, ಬೆನ್ನು ನೆಟ್ಟಗಿರಬೇಕು. ಆದರೆ ಅರಮಂಡಿಯಲ್ಲಿ ನಾವು ಮನೆ ಮಾಡ್ತೀವಿ, ಅಲ್ಲೇ ಕೂತು ಇಡೀ ಅಡವು ಮುಗಿಸ್ತೀವಿ. ಪ್ಲಿಯೇ ಅನ್ನೋದು ಬರೀ ಬಸ್‌ಸ್ಟಾಪು, ಕೂತಂತೆ ಮಾಡಿ ಎದ್ದು ಹೊರಡಬೇಕು. ತಟ್ಟಡವಿನಲ್ಲಿ ಪಾದ ಪೂರ್ತಿ ನೆಲಕ್ಕೆ ಬಡಿದು ಸದ್ದಾಗಬೇಕು. ಸದ್ದಾಗದಿದ್ದರೆ ಅವಳ ಗುರುಗಳು ತಟ್ಟುಕೋಲಿನಿಂದ ಇನ್ನೂ ಜೋರಾಗಿ ತಟ್ಟೋರಂತೆ. ಇಲ್ಲಿ ಸದ್ದು ಬಂದರೆ ಟೀಚರ್ ಕಿವಿ ಮುಚ್ಚಿಕೊಳ್ತಾರೆ. ಎಂಟು ವರ್ಷ ನೆಲವನ್ನ ಒಪ್ಪಿಸಿಕೊಂಡ ಕಾಲಿಗೆ ಈಗ ನೆಲ ಬಿಟ್ಟುಬಿಡು ಅಂದರೆ ಹೇಗೆ? ಅವಳು ಆ ವಾರ ಅತ್ತದ್ದು ನಿಜ.

ಕುಂದಾಪುರದವನದ್ದು ಬೇರೆ ಫಜೀತಿ. ಅವನ ಸೋದರಮಾವ ಮೇಳದಲ್ಲಿ ವೇಷ ಕಟ್ಟಿದವರು, ಇವನೂ ಹೈಸ್ಕೂಲಿನಲ್ಲಿ ಹೆಜ್ಜೆ ಕಲಿತವನು. ಕ್ಲಾಸಿನ ಕೊನೆಯಲ್ಲಿ ಒಬ್ಬೊಬ್ಬರೇ ಮೂಲೆಯಿಂದ ಮೂಲೆಗೆ ಹಾರಿಕೊಂಡು ಹೋಗಬೇಕು. ನಮ್ಮ ಸರದಿ ಬಂದಾಗ ನಾವು ಹಳ್ಳ ದಾಟೋರ ಥರ ದಾಟಿದ್ವಿ. ಇವನು ಏನನ್ನಿಸಿತೋ, ಯಕ್ಷಗಾನದ ದಿಗಿಣ ಒಂದು ಹಾರಿದ, ಒಂದಲ್ಲ, ಮೂರು. ಕಿಟಕಿ ಗಾಜು ನಡುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್, ಅರವತ್ತು ದಾಟಿದ ಯಾರ್ಕ್‌ಶೈರ್ ಹೆಂಗಸು, ಎಲ್ಲರನ್ನೂ "ಲವ್" ಅಂತ ಕರೆಯೋರು, ಹತ್ತಿರ ಬಂದು "ತುಂಬ ಚೆಂದ ಲವ್, ಈಗ ಇದನ್ನೇ ಕೆಳಗಿನ ಮನೆಯವರಿಗೆ ಕೇಳಿಸದ ಹಾಗೆ ಮಾಡು" ಅಂದರು. ಅವನು ಆರು ತಿಂಗಳಿಂದ ಅದನ್ನೇ ಮಾಡ್ತಿದ್ದಾನೆ. ಸದ್ದು ಅರ್ಧ ಕಮ್ಮಿಯಾಗಿದೆ.

ಇಷ್ಟಕ್ಕೇ ಆಗಿದ್ದರೆ ನಾವು ಈ ಪುಸ್ತಿಕೆಗೆ ಬರೀತಿರಲಿಲ್ಲ. ಬರೆಯೋಕೆ ಕಾರಣ ಎರಡು.

ಒಂದನೆಯದು ಜನವರಿಯದು. ಇಲ್ಲಿನ ಚಳಿಗಾಲ ಗೊತ್ತೇ ಇದೆಯಲ್ಲ, ಮಧ್ಯಾಹ್ನ ನಾಲ್ಕಕ್ಕೆಲ್ಲ ದೀಪ ಹಾಕಬೇಕು. ನಮ್ಮಲ್ಲೊಬ್ಬ (ಬರೆಯೋಕೆ ಅವನೇ ಒಪ್ಪಿದ್ದಾನೆ) ರಜೆ ಮುಗಿದರೂ ಕ್ಲಾಸಿಗೆ ಹೋಗಲಿಲ್ಲ. ಡೆಡ್‌ಲೈನ್ ಇದೆ, ರೂಮಲ್ಲೇ ಓದ್ಕೋತೀನಿ ಅಂತಿದ್ದ. ಒಂದೇ ಮನೆಯಲ್ಲಿದ್ದೂ ನಾವು ನಂಬಿದ್ವಿ. ಅನ್ನ ಸಾರು ಬಾಗಿಲ ಹತ್ತಿರ ಇಟ್ಟು ನಮ್ಮ ನಮ್ಮ ಕೆಲಸಕ್ಕೆ ಹೋದ್ವಿ. ಮಂಗಳವಾರವೂ ಅವನು ಬರಲಿಲ್ಲ, ಮುಂದಿನ ಮಂಗಳವಾರವೂ ಇಲ್ಲ. ಬಾರ್‌ನಲ್ಲಿ ಅವನ ಪಕ್ಕ ನಿಲ್ಲೋರು ಒಬ್ಬ ಬಸ್ ಡ್ರೈವರ್, ಐವತ್ತರ ಆಸುಪಾಸು. ಅವರು ಶೂ ಬಿಚ್ಚುತ್ತಾ ಕೇಳಿದರು: "ನಿಮ್ಮ ಹುಡುಗ ಎರಡು ವಾರ ಬಂದಿಲ್ಲ. ಕಾಲು ನೋವಾ, ಮನಸ್ಸಿಗೆ ನೋವಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಕೇಳಿಯೇ ಇರಲಿಲ್ಲ. ಆ ರಾತ್ರಿ ಹೋಗಿ ಬಾಗಿಲು ತಟ್ಟಿ ಕೂತ್ವಿ, ಬೆಳಗಿನ ಮೂರರ ತನಕ. ವಾರದೊಳಗೆ ಯೂನಿವರ್ಸಿಟಿಯ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದ್ವಿ. ಈಗ ಪರವಾಗಿಲ್ಲ.

ಆ ಪ್ರಶ್ನೆ ನಮ್ಮ ಸಂಘದ ನೂರಿಪ್ಪತ್ತು ಜನರ ಗುಂಪಿನಲ್ಲಿ ಯಾಕೆ ಹುಟ್ಟಲಿಲ್ಲ ಅಂತ ನಾವು ಆಮೇಲೆ ತುಂಬಾ ಯೋಚಿಸಿದ್ವಿ. ನಮ್ಮವರಿಗೆ ಅಕ್ಕರೆ ಇಲ್ಲ ಅಂತಲ್ಲ. ಅಕ್ಕಿ, ಹುಣಸೆಹಣ್ಣು, ಮನೆ ಬಾಡಿಗೆ, ರೆಫರಲ್, ಏನು ಕೇಳಿದರೂ ಹತ್ತು ನಿಮಿಷದಲ್ಲಿ ಉತ್ತರ ಬರುತ್ತೆ. ಆದರೆ ನಾವೆಲ್ಲ ಒಂದೇ ವಯಸ್ಸಿನವರು, ಒಂದೇ ಥರದ ಕೋರ್ಸು, ಒಂದೇ ಥರದ ಸಾಲ, ಒಂದೇ ಥರದ ಭಯ. ಒಬ್ಬ ರೂಮಲ್ಲಿ ಬಾಗಿಲು ಹಾಕ್ಕೊಂಡರೆ ಓದ್ತಿದ್ದಾನೆ ಅಂತಲೇ ಎಲ್ಲರಿಗೂ ಅನ್ನಿಸೋದು. ಆ ಕ್ಲಾಸಿನಲ್ಲಿ ನರ್ಸ್ ಇದ್ದಾರೆ, ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ, ಬಸ್ ಓಡಿಸೋರು ಇದ್ದಾರೆ. ಅವರಿಗೆ ನಮ್ಮ ಗ್ರೇಡು ಗೊತ್ತಿಲ್ಲ, ವೀಸಾ ಗೊತ್ತಿಲ್ಲ. ನಾವು ಬಂದೆವೋ ಇಲ್ಲವೋ ಅನ್ನೋದು ಮಾತ್ರ ಗೊತ್ತು. ವರ್ಷವಿಡೀ ಈ ಊರಲ್ಲಿದ್ದು ಊರಿನ ಒಬ್ಬ ಮನುಷ್ಯನ ಪರಿಚಯವೂ ಇಲ್ಲದೆ ವಾಪಸ್ ಹೋಗೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅಂಗಡಿ, ಲೈಬ್ರರಿ, ಅಡುಗೆಮನೆ, ಇಷ್ಟೇ ಲೀಡ್ಸ್.

ದುಡ್ಡಿನ ಮಾತು ಬಂದೇ ಬರುತ್ತೆ. ಒಂದು ಕ್ಲಾಸಿಗೆ ನಾವು ಕೊಡೋದು ಎಂಟು ಪೌಂಡ್. ಟರ್ಮ್ ಸಮಯದಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡೋ ಹಾಗಿಲ್ಲದವರಿಗೆ ಎಂಟು ಪೌಂಡ್ ಸಣ್ಣದಲ್ಲ. ಧಾರವಾಡದವಳ ಅವ್ವ ಫೋನಿನಲ್ಲಿ "ಅಷ್ಟು ಸಾಲಾ ಮಾಡಿ ಕಳಿಸಿದ್ದು ಅಲ್ಲೆ ಕುಣೀಲಿಕ್ಕೇನವಾ?" ಅಂತ ಕೇಳಿದರು. ಅದರಲ್ಲಿ ತಪ್ಪೇನೂ ಇಲ್ಲ, ಆ ಸಾಲಕ್ಕೆ ಹೊಲದ ಪತ್ರ ಇಟ್ಟಿರೋರು ಅವರು. ಅವಳು ಶುಕ್ರವಾರದ ಬಿರಿಯಾನಿ ಆರ್ಡರ್ ನಿಲ್ಲಿಸಿ ಲೆಕ್ಕ ಸರಿ ಮಾಡಿದಳು, ಅವ್ವನಿಗೆ ಹಾಗೇ ಹೇಳಿದಳು ಕೂಡ. ಈಗ ಅವ್ವ ಮಂಗಳವಾರ ರಾತ್ರಿ ಫೋನ್ ಮಾಡಿ "ಇವತ್ತೇನು ಕಲಿಸಿದ್ರು?" ಅಂತ ಕೇಳ್ತಾರೆ.

ಎರಡನೆಯ ಕಾರಣ ಯುಗಾದಿ ಕಾರ್ಯಕ್ರಮ. ಇದನ್ನ ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕ್ತಾರೇನೋ ಅಂತ ಅನುಮಾನ ಇತ್ತು, ಹಾಕಿಲ್ಲ ಅಂದರೆ ಅವರಿಗೆ ವಂದನೆ. ನಾವು ಆರು ನಿಮಿಷ ಕೇಳಿದ್ವಿ. ಒಂದು ಭಾವಗೀತೆಗೆ ಬ್ಯಾಲೆ, ಭರತನಾಟ್ಯ, ಯಕ್ಷಗಾನದ ಹೆಜ್ಜೆ ಮೂರನ್ನೂ ಇಟ್ಟುಕೊಂಡು ಏನೋ ಒಂದು ಕಟ್ಟಿದ್ವಿ. ಅದ್ಭುತವಾಗಿತ್ತು ಅಂತ ಹೇಳೋದಿಲ್ಲ. ಸಮಿತಿಯಿಂದ ಬಂದ ಉತ್ತರ: "ಯುಗಾದೀಲಿ ಬ್ಯಾಲೆ ಯಾಕೆ? ಅದು ನಮ್ಮ ಸಂಸ್ಕೃತಿ ಅಲ್ಲ." ಒಬ್ಬರು ಹುಡುಗರಿಗೆ ಪ್ರತ್ಯೇಕವಾಗಿ, "ಟೈಟ್ಸ್ ಹಾಕ್ಕೊಂಡು ಬರ್ತೀರಾ?" ಅಂತಲೂ ಕೇಳಿದರು. ಅವತ್ತು ಸಂಜೆ ವೇದಿಕೆ ಮೇಲೆ ಐದು ಸಿನಿಮಾ ಹಾಡಿಗೆ ಕುಣಿತ ಆಯ್ತು. ನಾವೂ ಶಿಳ್ಳೆ ಹೊಡೆದ್ವಿ. ಆದರೆ ಆ ಹೆಜ್ಜೆಗಳಲ್ಲಿ ಅರ್ಧದಷ್ಟು ನ್ಯೂಯಾರ್ಕ್ ಬೀದಿಗಳಲ್ಲಿ ಹುಟ್ಟಿದ ಹಿಪ್‌ಹಾಪ್. ಅದು ಗಾಂಧಿನಗರದ ಮೂಲಕ ಬಂತು ಅನ್ನೋದಕ್ಕೆ ನಮ್ಮದಾಯ್ತು, ಇದು ನೇರವಾಗಿ ಬಂತು ಅನ್ನೋದಕ್ಕೆ ಪರಕೀಯ ಆಯ್ತು!

ಗಂಡಸು ಕುಣಿದರೆ ನಗೋದಂತೂ ನಮಗೆ ಅರ್ಥವೇ ಆಗೋದಿಲ್ಲ. ಗಂಡಸರೇ ಸೀರೆ ಉಟ್ಟು ಸ್ತ್ರೀವೇಷ ಮಾಡಿ ಬೆಳಗಿನ ತನಕ ಕುಣಿಯೋದನ್ನ ಬಯಲಲ್ಲಿ ಕೂತು ನೋಡಿದ ನಾಡಿನವರು ನಾವು. ಈ ಊರಿನ ವಿಷಯವನ್ನೇ ತಗೊಳ್ಳಿ. ಲೀಡ್ಸ್‌ನ ಹೇರ್‌ಹಿಲ್ಸ್‌ನಲ್ಲಿ, ನಾವು ತರಕಾರಿ ತರೋಕೆ ಹೋಗೋ ಅದೇ ಹೇರ್‌ಹಿಲ್ಸ್‌ನಲ್ಲಿ, 1981ರಲ್ಲಿ ಮೂವರು ಕಪ್ಪು ಯುವಕರು ಸೇರಿ ಫೀನಿಕ್ಸ್ ಅಂತ ಒಂದು ನೃತ್ಯ ತಂಡ ಕಟ್ಟಿದರು. ಇವತ್ತು ಅದು ಕ್ವಾರಿ ಹಿಲ್‌ನಲ್ಲಿ ನಾರ್ದರ್ನ್ ಬ್ಯಾಲೆಯ ಜೊತೆ ಒಂದೇ ಕಟ್ಟಡದಲ್ಲಿದೆ. ಬಸ್ ಸ್ಟೇಷನ್ನಿನ ಪಕ್ಕದಲ್ಲೇ ಇದ್ದರೂ ನಾವ್ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಇನ್ನು "ನಮ್ಮ ಸಂಸ್ಕೃತಿ ಅಲ್ಲ" ಅನ್ನೋದಕ್ಕೆ ಎರಡು ಹೆಸರು ಸಾಕು. ರುಕ್ಮಿಣಿ ದೇವಿ ಅರುಂಡೇಲ್ ಭರತನಾಟ್ಯಕ್ಕೆ ಬರುವ ಮುಂಚೆ ಅನ್ನಾ ಪಾವ್ಲೋವಾ ಅವರ ತಂಡದ ಕಲಾವಿದೆಯಿಂದ ಬ್ಯಾಲೆ ಪಾಠ ಹೇಳಿಸಿಕೊಂಡಿದ್ದರು; ನಿನ್ನ ನಾಡಿನ ನೃತ್ಯವನ್ನೂ ನೋಡು ಅಂದವರು ಪಾವ್ಲೋವಾ. 1936ರಲ್ಲಿ ಕಲಾಕ್ಷೇತ್ರ ಹುಟ್ಟಿದ್ದು ಆ ದಾರಿಯಲ್ಲಿ. ಇನ್ನೊಬ್ಬರು ನಮ್ಮ ಬೆಂಗಳೂರಿನವರೇ, 1912ರಲ್ಲಿ ಅಲ್ಲಿ ಹುಟ್ಟಿದ ರಾಮ್ ಗೋಪಾಲ್. 1939ರಲ್ಲಿ ಲಂಡನ್ನಿನ ವೇದಿಕೆಯಲ್ಲಿ ಕುಣಿದು ಹೆಸರು ಮಾಡಿದರು, ಮುಂದೆ ಬ್ರಿಟನ್ನಿನ ದೊಡ್ಡ ಬ್ಯಾಲೆರಿನಾ ಅಲಿಷಿಯಾ ಮಾರ್ಕೊವಾ ಜೊತೆ ರಾಧಾಕೃಷ್ಣರ ಕಥೆ ಮಾಡಿದರು, 2003ರಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡರು. ನಮ್ಮ ಕ್ವಿಜ್ ರೌಂಡುಗಳಲ್ಲಿ ಅವರ ಹೆಸರು ಒಂದು ಸಲವೂ ಬಂದಿದ್ದಿಲ್ಲ. ನಮಗೂ ಗೊತ್ತಿರಲಿಲ್ಲ, ಹೇಳಿದವರು ಆ ಎಪ್ಪತ್ತು ದಾಟಿದ ಅಜ್ಜಿ. ಬೆಂಗಳೂರು ಅಂದ ಕೂಡಲೇ "ಓ, ರಾಮ್ ಗೋಪಾಲ್ ಊರು!" ಅಂದರು. ಬೆಂಗಳೂರಿನವನು ಪೆಚ್ಚಾಗಿ ನಿಂತಿದ್ದ.

ಬ್ಯಾಲೆಗೆ ನಾವು ಸೋತು ಶರಣಾಗಿದ್ದೀವಿ ಅಂದುಕೋಬೇಡಿ. ಅದರಲ್ಲಿ ಸಿಟ್ಟು ಬರೋ ಸಂಗತಿಗಳೂ ಇವೆ. 1877ರ "ಲಾ ಬಯಾದೇರ್" ಇವತ್ತಿಗೂ ದೊಡ್ಡ ದೊಡ್ಡ ಥಿಯೇಟರುಗಳಲ್ಲಿ ನಡೆಯುತ್ತೆ. ಭಾರತದ ದೇವದಾಸಿಯ ಕಥೆಯಂತೆ, ಅದರಲ್ಲಿರೋ ಭಾರತ ಮಾತ್ರ ಯಾವ ಭೂಪಟದಲ್ಲೂ ಸಿಗೋದಿಲ್ಲ. ಮೈಬಣ್ಣದ ಶೂ ಅಂದರೆ ಗುಲಾಬಿ ಅಂತಲೇ ಅರ್ಥ ಬಹಳ ಕಾಲ ಇತ್ತು. ಕಪ್ಪು, ಕಂದು ಮೈಯವರು ಶೂಗಳಿಗೆ ಮೇಕಪ್ ಬಳಿದು ಬಣ್ಣ ಹೊಂದಿಸಿಕೊಳ್ತಿದ್ದರು. ಲಂಡನ್ನಿನ ಹೆಸರಾಂತ ಶೂ ಕಂಪನಿ ಫ್ರೀಡ್, ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ತುದಿಗಾಲ ಶೂ ತಂದದ್ದು 2018ರಲ್ಲಿ. ನಮ್ಮ ಕ್ಲಾಸಿನಲ್ಲಿ ಯಾವ ಕಟ್ಟಳೆಯೂ ಇಲ್ಲ, ನಾವು ಕಾಲುಚೀಲದಲ್ಲೇ ಒಂದು ತಿಂಗಳು ಕಳೆದವರು. ಹೊರಗೆ ನಿಂತು "ಅದು ನಮ್ಮದಲ್ಲ" ಅನ್ನೋರಿಗೆ ಇದು ಯಾವುದೂ ಕಾಣಿಸೋದಿಲ್ಲ, ಒಳಗೆ ಹೋಗಿ ಕಾಲು ಚಾಚಿದರೆ ಜಗಳ ಆಡೋ ಹಕ್ಕೂ ಸಿಗುತ್ತೆ.

ಆಮೇಲೆ ಇನ್ನೊಂದು ನಡೀತು. ಮೈಸೂರಿನವಳು ಫೆಬ್ರವರಿಯಲ್ಲಿ ಅಮ್ಮನಿಗೆ ಹೇಳಿ ಗೆಜ್ಜೆ ತರಿಸಿಕೊಂಡಳು. ಬ್ಯಾಲೆ ಕ್ಲಾಸಿನ ಕೊನೆಗೆ ಟೀಚರಿಗೂ ಪಿಯಾನೋದವರಿಗೂ ಮಂಡಿ ಬಾಗಿಸಿ ನಮಸ್ಕರಿಸೋ ಪದ್ಧತಿ ಇದೆ, ರೆವೆರಾನ್ಸ್ ಅಂತ. ಮೊದಲ ದಿನ ಅದನ್ನ ಮಾಡುವಾಗ ಅವಳ ಕೈ ತಾನಾಗೇ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತಂತೆ, ಭೂಮಿ ನಮಸ್ಕಾರದಲ್ಲಿ ಮಾಡೋ ಹಾಗೆ. ಏಳು ವರ್ಷ ಮರೆತಿದ್ದದ್ದು. ಈಗ ಭಾನುವಾರ ಬೆಳಿಗ್ಗೆ ಹಳೇ ಗುರುಗಳ ಹತ್ತಿರ ಆನ್‌ಲೈನ್ ಪಾಠ, ಸೀನಿಯರ್ ಪರೀಕ್ಷೆಗೆ ಕಟ್ಟೋ ಮಾತು. ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ಬಡಿದಿದ್ದಾರೆ.

ಸಂಘಕ್ಕೆ ನಮ್ಮ ಕೇಳಿಕೆ ದೊಡ್ಡದಲ್ಲ. ನವೆಂಬರ್ ರಾಜ್ಯೋತ್ಸವದಲ್ಲಿ ಅರ್ಧ ಗಂಟೆ ಬಿಡಿ, ಈ ಊರಲ್ಲಿ ಯಾರು ಏನು ಹೊಸದಾಗಿ ಕಲಿತರೋ ಅದನ್ನ ತೋರಿಸಲಿ: ಕುಂಬಾರಿಕೆ, ಈಜು, ಕಾಯಿರ್ ಹಾಡು, ಏನಾದರೂ. ಚೆನ್ನಾಗಿರಲೇಬೇಕು ಅಂತಿಲ್ಲ. ಸದಸ್ಯತ್ವದ ಹಣದಲ್ಲಿ ಸ್ವಲ್ಪ ತೆಗೆದಿಟ್ಟು, ಇಂಥ ಕ್ಲಾಸಿಗೆ ಸೇರೋ ಹೊಸಬರ ಮೊದಲ ತಿಂಗಳ ಫೀಸಿನಲ್ಲಿ ಅರ್ಧ ಕೊಡಿ. ಒಂದು ಸಲದ ಹಾಲ್ ಅಲಂಕಾರದ ಖರ್ಚಿಗಿಂತ ಕಮ್ಮಿಯಾಗುತ್ತೆ, ಲೆಕ್ಕ ಹಾಕಿ ಖಜಾಂಚಿಗೆ ಕಳಿಸಿದ್ದೀವಿ. ಉತ್ತರ ಇನ್ನೂ ಬಂದಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ನಮ್ಮಲ್ಲಿ ಮೂವರು ಈ ಊರು ಬಿಟ್ಟಿರ್ತೀವಿ. ಬಾರ್‌ನ ಎಡ ತುದಿ, ರೇಡಿಯೇಟರ್ ಪಕ್ಕದ ಬೆಚ್ಚನೆ ಜಾಗ ಖಾಲಿಯಾಗುತ್ತೆ. ಕುಂದಾಪುರದವನು ಇನ್ನೊಂದು ವರ್ಷ ಇರ್ತಾನೆ. ಅವನಿಗೆ ಮೆಸೇಜ್ ಮಾಡಿ, ಆದರೆ ಮಂಗಳವಾರ ಏಳರಿಂದ ಎಂಟೂಕಾಲರ ನಡುವೆ ಬೇಡ.