ಸೀರೆಯ ಮಡಿಕೆಯಲ್ಲಿ ಕರಿಬೇವು

ಹೋದ ತಿಂಗಳು ಮುದ್ದೇಬಿಹಾಳದ ಮದುವೆಯೊಂದರಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಸಿಕ್ಕಿದ್ದರು. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿ ಬಂದ ತಾಯಿ. ವಿಮಾನ ನಿಲ್ದಾಣದ ಅಧಿಕಾರಿ ತಿನಿಸು, ಕಾಯಿಪಲ್ಯೆ ಏನಾದರೂ ಇದೆಯೇ ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದರಂತೆ. ಸೀರೆಯ ಮಡಿಕೆಯಲ್ಲಿದ್ದ ಹಸಿ ಕರಿಬೇವಿನ ಕಟ್ಟು ಹಾಗೇ ದಾಟಿತಂತೆ. ಪಂಕ್ತಿಯಲ್ಲಿ ಕುಳಿತವರೆಲ್ಲ ಅವರ ಜಾಣತನಕ್ಕೆ ನಕ್ಕರು. ನಾನೂ ನಕ್ಕೆ. ಆಯುಷ್ಯವಿಡೀ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿದವನು ಒಂದು ಸುಳ್ಳಿಗೆ ನಕ್ಕಿದ್ದೆ. ಆ ತಪ್ಪು ತಿದ್ದಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಬಂಧುಗಳು ಮುನಿಯಬಾರದು.

ನಾಲ್ಕು ಎಸಳು ಕರಿಬೇವಿನಿಂದ ಅಷ್ಟು ದೊಡ್ಡ ದೇಶಕ್ಕೇನು ಕೇಡು ಎನ್ನುವಿರಿ. ಉತ್ತರಕ್ಕಾಗಿ ನಮ್ಮ ಇಂಡಿಯ ಲಿಂಬೆ ತೋಟಗಳ ಕಡೆ ನೋಡಿರಿ. ಕರಿಬೇವು ಲಿಂಬೆಯ ಕುಲದ್ದೇ ಗಿಡ. ಎರಡರ ಮೇಲೂ ಬದುಕುವ ಸಿಲ್ಲಿಡ್ ಎಂಬ ಪುಟ್ಟ ಜಿಗಿಹುಳುವೊಂದು ಲಿಂಬೆ, ಕಿತ್ತಳೆಗಳಿಗೆ ಸಿಟ್ರಸ್ ಗ್ರೀನಿಂಗ್ ಎಂಬ ರೋಗವನ್ನು ಹರಡುತ್ತದೆ. ಅದಕ್ಕೆ ಮದ್ದಿಲ್ಲ. ಫ್ಲಾರಿಡಾದಲ್ಲಿ ಈ ಹುಳು 1998ರಲ್ಲಿ ಕಂಡಿತು, ರೋಗ 2005ರಲ್ಲಿ. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ಆ ರಾಜ್ಯ, ರೋಗದ ಜೊತೆಗೆ ಚಂಡಮಾರುತವೂ ಸೇರಿ, 2022-23ರಲ್ಲಿ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಲಿಂಬೆಗೆಂದೇ ರಾಜ್ಯದ ಅಭಿವೃದ್ಧಿ ಮಂಡಳಿಯಿರುವ ಇಂಡಿಯ ಜನರಿಗೆ ಈ ಸಂಕಟ ತಿಳಿಯದೆ ಇನ್ನಾರಿಗೆ ತಿಳಿಯಬೇಕು?

ಕಾಳಿನ ಕಥೆಯೂ ಹೀಗೆಯೇ. ಅಮೆರಿಕೆಗೆ ನಮ್ಮ ಅಕ್ಕಿ, ಕಡಲೆ, ಕುಸುಬಿಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಕಾರಣ, ನಮ್ಮ ಕಡೆಯದೇ ಆದ ಖಪ್ರಾ ಎಂಬ ದುಂಬಿ. ಅದರ ಮರಿ ಆಹಾರವಿಲ್ಲದೆಯೂ ಸಂದಿಗೊಂದಿಗಳಲ್ಲಿ ವರ್ಷಗಟ್ಟಲೆ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡ ಈ ದುಂಬಿಯನ್ನು ಅಳಿಸಲು 1966ರವರೆಗೆ ಹೆಣಗಬೇಕಾಯಿತು; ಸುಮಾರು 1.1 ಕೋಟಿ ಡಾಲರ್ ಖರ್ಚಾಯಿತು.

ಪರದೇಶದ ಮಾತೇಕೆ? ನಮ್ಮ ಹೊಲದ ಬದುವಿನಲ್ಲಿ ನಿಂತು ನೋಡಿರಿ. ಕಾಂಗ್ರೆಸ್ ಕಸ ನಮ್ಮದಲ್ಲ. ಆಮದಾದ ಗೋಧಿಯೊಡನೆ ಬಂತೆನ್ನುವ ಅದು 1950ರ ದಶಕದ ನಡುವೆ ಪುಣೆಯಲ್ಲಿ ಕಂಡಿತು. ಇಂದು ಅದು ಬೆಳೆಯದ ಜಾಗವಿದೆಯೇ? ಅದನ್ನು ಕಿತ್ತು ಕಿತ್ತು ಕೈ ತುರಿಸಿಕೊಂಡವರು ಇನ್ನೊಬ್ಬರ ಹೊಲಕ್ಕೆ ಅಂಥದೇ ಪಿಡುಗನ್ನು ಒಯ್ಯಬಹುದೆ?

ಅಧಿಕಾರಿಗಳಿಗೆ ನಮ್ಮ ಊಟವೆಂದರೆ ತಾತ್ಸಾರ ಎಂಬ ಮಾತನ್ನೂ ಕೇಳಿದ್ದೇನೆ. ಅದು ಸುಳ್ಳು. ಹುರಿದು ಕುಟ್ಟಿದ ಶೇಂಗಾ ಹಿಂಡಿಗಾಗಲಿ ಕಟಕ ರೊಟ್ಟಿಗಾಗಲಿ ಅಲ್ಲಿ ಸಾಮಾನ್ಯವಾಗಿ ತಡೆಯಿಲ್ಲ. ಇದೆ ಎಂದು ಹೇಳಬೇಕು, ಅಷ್ಟೆ. ಹೇಳಿದ ವಸ್ತು ನಿಷಿದ್ಧವಾಗಿದ್ದರೆ ಅದನ್ನು ತೆಗೆದುಕೊಂಡು ಬಿಡುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ದಂಡ. 2019ರ ಅಕ್ಟೋಬರಿನಲ್ಲಿ ಹಸಿ ಹಂದಿಮಾಂಸ ಮೊದಲಾದ ತಿನಿಸುಗಳನ್ನು ತಿಳಿಸದೆ ತಂದ ವಿಯೆಟ್ನಾಮಿನ ಮಹಿಳೆಯೊಬ್ಬರ ವೀಸಾವನ್ನೇ ರದ್ದುಮಾಡಿ ಆಸ್ಟ್ರೇಲಿಯಾ ಸಿಡ್ನಿಯಿಂದ ಹಿಂದಕ್ಕೆ ಕಳುಹಿಸಿತು. ಮೊಮ್ಮಗುವಿನ ಮುಖ ನೋಡಲು ಹೋದವರಿಗೆ ಹೀಗಾದರೆ?

ಇನ್ನು ಗಸಗಸೆ. ಬಾಣಂತಿಯ ಅಂಟಿನುಂಡಿಗೆ ಅದನ್ನು ಹಾಕುವುದು ನಮ್ಮ ರೂಢಿ. ಆದರೆ ಅಫೀಮಿನ ಗಿಡದ ಬೀಜವೆಂದು ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಸಿಂಗಪುರದಲ್ಲೂ ಅದಕ್ಕೆ ನಿಷೇಧ. ಅಲ್ಲಿ ಮಾದಕವಸ್ತುವಿನ ಕಾನೂನು ಬಹು ಕಠಿಣ. ಸಿಂದಗಿ ಕಡೆಯಿಂದ ಕೊಲ್ಲಿಗೆ ದುಡಿಯಲು ಹೋಗುವ ನನ್ನ ಹಳೆಯ ವಿದ್ಯಾರ್ಥಿಗಳೇ, ಅಲ್ಲಿಗೆ ಒಯ್ಯುವ ಉಂಡಿಗೆ ಗಸಗಸೆ ಹಾಕಬೇಡವೆಂದು ನಿಮ್ಮ ಅವ್ವನಿಗೆ ಮೊದಲೇ ಹೇಳಿರಿ. ಬೇರೊಬ್ಬರು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಬೇಡಿರಿ.

ತಪ್ಪು ಹಿರಿಯರದಷ್ಟೇ ಅಲ್ಲ. ಟಿಕೆಟ್ಟು, ವೀಸಾ, ಇನ್ಶೂರನ್ಸುಗಳನ್ನು ಅಚ್ಚುಕಟ್ಟಾಗಿ ಮಾಡಿಸುವ ಮಕ್ಕಳು, ಏನು ತರಬೇಕು, ಏನು ತರಬಾರದು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಕಳುಹಿಸಬಾರದೆ? ಇಂಗ್ಲಿಷ್ ಬಾರದ ತಾಯಿ ಅಂಜಿಕೆಯಿಂದ ಇಲ್ಲ ಎನ್ನುತ್ತಾಳೆ. ಆ ಅಂಜಿಕೆಯನ್ನು ಕಳೆಯುವುದು ನಿಮ್ಮ ಕರ್ತವ್ಯ.

ಬಸವನ ಬಾಗೇವಾಡಿಯ ಗುಡಿಗೆ ಕೈಮುಗಿದು ವಿಮಾನ ಹತ್ತುವ ಜನ ನಾವು. ನಡೆ-ನುಡಿ ಒಂದಾಗಿರಬೇಕೆಂದ ಅಣ್ಣನ ನೆಲದವರು ಪರನಾಡಿನ ಬಾಗಿಲಲ್ಲಿ ಆಡುವ ಮೊದಲ ಮಾತೇ ಸುಳ್ಳಾಗಬಾರದು. ಇನ್ನೊಮ್ಮೆ ಯಾರಾದರೂ ಅಂಥ ಜಾಣತನ ಹೇಳಿದರೆ ನಾನು ನಗುವುದಿಲ್ಲ. ನೀವೂ ನಗಬೇಡಿರಿ.