ಮನೆವಾರ್ತೆ: ಹಳೆಯ ಕಂಪ್ಯೂಟರಿಗೆ ವೈಫೈ

ವೈಫೈ ಇಲ್ಲವೆಂಬ ಒಂದೇ ಕಾರಣದಿಂದ ಹಳೆಯ ಕಂಪ್ಯೂಟರನ್ನು ಮೂಲೆಗೆ ಸೇರಿಸಬೇಕಾದುದಿಲ್ಲ. ಹೆಬ್ಬೆರಳ ಗಾತ್ರದ ಯುಎಸ್‌ಬಿ ಅಡಾಪ್ಟರಿನಿಂದ ಆ ಕೊರತೆಯು ನೀಗುವುದು. ಆದರೆ ಅಗ್ಗವೆಂಬುದೊಂದನ್ನೇ ನೋಡಿ ಕೊಂಡರೆ ಹಣವೂ ಹೋಗಿ ಕೆಲಸವೂ ಕೆಡುವುದುಂಟು.

ಸೆಕೆಂಡಿಗೆ 150 ಮೆಗಾಬಿಟ್ ಎಂದು ಬರೆದಿರುವ ಅಡಾಪ್ಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅಲೆಗಳನ್ನಷ್ಟೇ ಗ್ರಹಿಸುವುವು. ಈ ಅಲೆಗಳು ಗೋಡೆಗಳನ್ನು ಚೆನ್ನಾಗಿ ದಾಟುವುವಾದರೂ, ನೆರೆಮನೆಗಳ ವೈಫೈಗಳೂ ಅಲ್ಲಿಯೇ ಸೇರುವುದರಿಂದ ವೇಗವು ಕುಂದುವುದು. ಒತ್ತಾದ ಮನೆಗಳಲ್ಲಿ ವಾಸಿಸುವವರು 5 ಗಿಗಾಹರ್ಟ್ಸ್ ಅಲೆಗಳನ್ನೂ ಗ್ರಹಿಸುವಂಥದನ್ನು ಆರಿಸುವುದು ಲೇಸು. ಮನೆಯ ರೂಟರಿನಲ್ಲಿಯೂ ಆ ಅನುಕೂಲವಿರಬೇಕು.

ಡ್ರೈವರು ಎಂಬ ತಂತ್ರಾಂಶವಿಲ್ಲದೆ ಅಡಾಪ್ಟರು ನಡೆಯದು. ತಮ್ಮ ಕಂಪ್ಯೂಟರಿನ ವಿಂಡೋಸಿಗೆ ಅಥವಾ ಲಿನಕ್ಸಿಗೆ ಅದು ದೊರೆಯುವುದೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು. ಇಂಟರ್‌ನೆಟ್ಟೇ ಇಲ್ಲದಿರುವಾಗ ಡ್ರೈವರನ್ನು ಇಳಿಸಿಕೊಳ್ಳುವುದೆಂತು? ಆಂಡ್ರಾಯ್ಡ್ ಮೊಬೈಲನ್ನು ತಂತಿಯಿಂದ ಜೋಡಿಸಿ, ಅದರಲ್ಲಿ ಯುಎಸ್‌ಬಿ ಟೆದರಿಂಗನ್ನು ತೆರೆದರೆ ಆ ಕೆಲಸವಾಗುವುದು.

ಇನ್ನು ಅಡಾಪ್ಟರನ್ನು ಇರಿಸುವ ಸ್ಥಳ. ಕಂಪ್ಯೂಟರಿನ ಹಿಂಬದಿಯಲ್ಲಿ ಸಿಕ್ಕಿಸಿದರೆ ಲೋಹದ ಪೆಟ್ಟಿಗೆಯು ಮರೆಯಾಗಿ ಅಲೆಗಳು ಕ್ಷೀಣಿಸುವುವು. ಗಜದುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯೊಂದನ್ನು ಕೊಂಡು ಅಡಾಪ್ಟರನ್ನು ಮೇಜಿನ ಮೇಲೆ ತಂದಿರಿಸತಕ್ಕದ್ದು. ಇಷ್ಟು ಎಚ್ಚರವಹಿಸಿದಲ್ಲಿ ಅಲ್ಪಬೆಲೆಯ ಈ ವಸ್ತುವು ಮನೆಮಂದಿಗೆಲ್ಲ ಬಹುಕಾಲ ಉಪಯೋಗಕ್ಕೆ ಬರುವುದು.